ಕಾಲುಂಗುರದ ಕೆಳಗಿನ ಗಾಯ

ಬೆಳಿಗ್ಗೆ ಹೊಸಿಲು ಎಡವಿ ಕಾಲ್ಬೆರಳಿನ ಚರ್ಮ ಸುಲಿಯಿತು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸುವಾಗ ಅತ್ತೆ ನೆನಪಾದರು. ಕೆಲವರ ನೆನಪು ಮಲ್ಲಿಗೆಯ ಜೊತೆ ಬರುತ್ತದೆ ನೋಡಿ, ನಮ್ಮತ್ತೆಯದು ಬರುವುದು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನ ಈ ವಾಸನೆಯ ಜೊತೆ.

ಅತ್ತೆ, ಮಾವ ಸಿ.ಎಸ್. ಪುರದಿಂದ ಮರಳೂರಿನ ನಮ್ಮ ಮನೆಗೆ ಬಂದು ನೆಲೆಸಿದ್ದರು. ಅತ್ತೆಗೆ ಹಳೆಯ ಶುಗರ್. ಪಾದಗಳು ಊದಿ, ಬಿಗಿಯಾದ ಕಾಲುಂಗುರದ ಕೆಳಗೆ ಹುಣ್ಣಾಗಿತ್ತು. "ನೋಯೋದೇ ಇಲ್ವಲ್ಲ, ಅದೆಂಥಾ ಗಾಯ ಬುಡು," ಎಂದು ಅರಿಶಿನ ಮೆತ್ತಿಕೊಂಡಿದ್ದರು. ಕಾನ್ವೆಂಟಿನಲ್ಲಿ ಬ್ಯಾಂಡೇಜ್ ಕಟ್ಟಲು ಕಲಿತ ಹೆಮ್ಮೆ ನನಗೆ. ನಾನು ಸುತ್ತಿದ ಪಟ್ಟಿ ಅವರು ಅಡುಗೆಮನೆ ಸೇರುವಷ್ಟರಲ್ಲಿ ಬಿಚ್ಚಿಕೊಂಡು ಹಿಂದೆ ಜೋತಾಡುತ್ತಿತ್ತು. ಕೊನೆಗೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

"ನೋವಿಲ್ಲ ಅನ್ನೋದೇ ಅಪಾಯ ಅಮ್ಮ. ಉಂಗುರ ಕತ್ತರಿಸ್ಬೇಕು. ಬೆರಳಿಗೆ ರಕ್ತ ಓಡ್ದೇ ಇದ್ರೆ ಗಾಯ ಮಾಯಲ್ಲ," ಎಂದರು ಡಾಕ್ಟರು.

ಅತ್ತೆ ಕಾಲು ಮಡಚಿಕೊಂಡರು. "ಯಜಮಾನ್ರು ಬದುಕಿದಾರೆ ಡಾಕ್ಟ್ರೇ!"

ಪಕ್ಕದಲ್ಲಿ ನಿಂತಿದ್ದ ಮಾವ ಸಿಡುಕಿದರು. "ಗುಂಡುಕಲ್ಲಿನಂಗೆ ನಿಂತಿದೀನಿ, ಕಾಣಾಕಿಲ್ವೇನೇ? ತೆಗೆಸ್ಕೋ."

ಉಂಗುರ ಹೋಯಿತು. ಗಾಯ ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಕುಣಿಗಲ್‌ನಲ್ಲಿ ಅತ್ತೆಯ ತಂಗಿಯ ಮಗಳ ಮದುವೆ ಬಂತು. ಅತ್ತೆ ಹೋಗಿ ನಾಲ್ಕಾರು ದಿನ ಅಲ್ಲೇ ಉಳಿದರು. ಹಿಂತಿರುಗಿದ ಮೇಲೆ ನರ್ಸ್ ಪಟ್ಟಿ ಬಿಚ್ಚಿದರೆ, ಒಳಗೆ ಬೆರಳಿಗೆ ಬಿಗಿಯಾಗಿ ಸುತ್ತಿದ ಅರಿಶಿನದ ದಾರ, ಮಾಂಸದೊಳಗೆ ಇಳಿದುಹೋಗಿತ್ತು. ಬೆರಳು ಕಪ್ಪಾಗಿತ್ತು.

"ಮದ್ವೆ ಮನೆಗೆ ಬೋಳು ಬೆರಳಲ್ಲಿ ಹೆಂಗೆ ಹೋಗ್ಲಮ್ಮ?" ಎಂದು ಮೆಲ್ಲಗೆ ನನ್ನನ್ನೇ ಕೇಳಿದರು. ನೋವಾಗಿದ್ದರೆ ಅವರೇ ಬಿಚ್ಚುತ್ತಿದ್ದರು. ಆ ಕಾಲಿಗೆ ನೋಯುವುದೇ ಮರೆತುಹೋಗಿತ್ತು.

ಬೆರಳು ತೆಗೆದರು. ನಂಜು ಮೇಲೇರಿತ್ತು. ಅತ್ತೆ ಉಳಿಯಲಿಲ್ಲ. ಬಂದ ಹೆಂಗಸರೆಲ್ಲ, "ಮುತ್ತೈದೆಯಾಗೇ ಹೋದ್ಲು, ಪುಣ್ಯವಂತೆ," ಎಂದರು. ಮಾವ ತಲೆಯೆತ್ತಿ ಅವರನ್ನು ನೋಡಿದರು. ಅಂದಿನಿಂದ ಅವರ ಮಾತೇ ಕಡಿಮೆ.

ಹೋದ ವರ್ಷ ನನಗೂ ಶುಗರ್ ಬಂತು. ಇವತ್ತು ಹತ್ತಿಯನ್ನು ಕಸಕ್ಕೆ ಹಾಕಿ ಏಳುವಷ್ಟರಲ್ಲಿ ಮಾವ ಬಾಗಿಲಲ್ಲಿದ್ದರು. ಸ್ಪಿರಿಟ್ಟಿನ ವಾಸನೆ ಅವರಿಗೂ ತಲುಪಿತ್ತು.

"ಕಾಲು ತೋರ್ಸವ್ವ."

"ಅಯ್ಯೋ, ಏನಿಲ್ಲ ಮಾವ, ನೋವೇ ಇಲ್ಲ," ಎಂದು ಸೆರಗು ಸರಿಪಡಿಸಿಕೊಂಡು ಪಾದವನ್ನು ಸೀರೆಯೊಳಗೆ ಎಳೆದುಕೊಂಡೆ. ಹಬ್ಬಕ್ಕೆ ಅವರ ಕಾಲಿಗೆ ಬೀಳುವವಳು ನಾನು. ಅವರೆದುರು ಎಂದೂ ಕಾಲು ಚಾಚಿ ಕೂತವಳಲ್ಲ.

ಮಾತು ಬಾಯಿಂದ ಹೊರಟ ಮೇಲೆ ನನಗೇ ಗೊತ್ತಾಯಿತು, ಅದು ಅತ್ತೆಯದೇ ಮಾತು.

ಮಾವ ಮಂಡಿ ಹಿಡಿದುಕೊಂಡು ನಿಧಾನವಾಗಿ ನನ್ನೆದುರು ನೆಲದ ಮೇಲೆ ಕೂತರು. ಕನ್ನಡಕ ಹಾಕಿಕೊಂಡರು. ನಾನು ಸೀರೆ ಸರಿಸಿ ಕಾಲು ಚಾಚಿದೆ.