ನಿನ್ಯಾ ತುಲಾಳ ಇಸೊತೆ ಬೇಲಿ

ಪಟ್ಟಣದವರು ಯುಕ್ಕಾ ಎಂದು ನಾಜೂಕಾಗಿ ಕರೆದು ಹಜಾರದ ಮೂಲೆಯಲ್ಲಿಡುವ ಗಿಡ ಅಪಾನೆಕಾ ಊರಲ್ಲಿ ಬರೀ ಇಸೊತೆ. ದನ ತಡೆಯುವ ಬೇಲಿ. ಹೂ ಬಿಟ್ಟಾಗ ಆ ಹೂವನ್ನು ಮೊಟ್ಟೆಯೊಂದಿಗೆ ಹುರಿದು ತಿನ್ನುತ್ತಾರೆ. ಈ ಬೇಲಿಯನ್ನೇ ಕುಂಡದಲ್ಲಿಟ್ಟರೆ ಹನ್ನೆರಡು ಡಾಲರ್ ಹುಟ್ಟುತ್ತದೆಂದು ಊರಲ್ಲಿ ಮೊದಲು ಕಂಡುಕೊಂಡವಳು ನಿನ್ಯಾ ತುಲಾ. ನಿನ್ಯಾ ಎಂದರೆ ಹುಡುಗಿ. ಅರವತ್ತೆಂಟು ದಾಟಿದ, ಮೂವರು ಗಂಡಂದಿರನ್ನು ಮಣ್ಣು ಮಾಡಿದ ಹೆಂಗಸನ್ನೂ ಮರ್ಯಾದೆಗೆ ಹಾಗೆಯೇ ಕರೆಯಬೇಕು.

ಕಾಂಡವನ್ನು ಮೊಳದುದ್ದ ತುಂಡರಿಸಿ, ಗಾಯ ಒಣಗಲು ಹತ್ತು ದಿನ ನೆರಳಲ್ಲಿ ಚೆಲ್ಲಿ, ಮರಳು ಬೆರೆಸಿದ ಮಣ್ಣಿಗೆ ನೆಡುತ್ತಿದ್ದಳು. ಕಾರಿನಿಂದ ಇಳಿದ ಗಿರಾಕಿಗಳಿಗೆ ಗಿಡದ ಜೊತೆ ಬೈಗುಳ ಪುಕ್ಕಟೆ.

“ಎಲೆ ಹಳದಿ ಆಯ್ತಾ? ದಿನಾ ನೀರು ಸುರಿದಿರ್ತೀರಿ.”

“ಪ್ರೀತಿಯಿಂದ ಹಾಕ್ದೆ, ನಿನ್ಯಾ ತುಲಾ.”

“ಪ್ರೀತೀನ ಗಂಡನಿಗೆ ಇಟ್ಕೊಳ್ಳಿ ತಾಯಿ. ಇದನ್ನ ಕಿಟಕಿ ಪಕ್ಕ ಇಟ್ಟು ಮರೆತುಬಿಡಿ. ಹೊರಗಿಡ್ಬೇಕು ಅನ್ನಿಸಿದ್ರೆ ಮೊದಲು ಜಗಲಿ ನೆರಳು, ಆಮೇಲೆ ಬಿಸಿಲು. ಏಕಾಏಕಿ ಬಿಸಿಲಿಗೆ ನೂಕಿದ್ರೆ ಎಲೆ ಸುಟ್ಟುಹೋಗುತ್ತೆ.”

ಅವಳ ಕುಂಡಗಳೆಲ್ಲ ಇದ್ದದ್ದು ಬೇಲಿಯ ಒಳಮಗ್ಗುಲಿನ ಎರಡು ಮೊಳ ಅಗಲದ ಪಟ್ಟಿಯಲ್ಲಿ. ಅಂಗಳದಲ್ಲಿ ನೆರಳಿದ್ದದ್ದೂ ಅಲ್ಲೊಂದೇ ಕಡೆ. ಆ ಪಟ್ಟಿ ಹೋದರೆ ವ್ಯಾಪಾರವೂ ಹೋದಂತೆ. ಅದು ಪಕ್ಕದ ಮನೆಯ ಯಜಮಾನ ದೋನ್ ಎವಾರಿಸ್ತೊಗೂ ಗೊತ್ತಿತ್ತು.

ಈಸ್ಟರ್ ವಾರ ಅವಳು ತಂಗಿಯ ಊರಿಗೆ ಹೋದಳು. ಸೊಂಟ ನೋವೆಂದು ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಕ್ರಿಸ್ತನ ಪಲ್ಲಕ್ಕಿಗೆ ಹೆಗಲು ಕೊಡದ ಎವಾರಿಸ್ತೊ, ಊರೆಲ್ಲ ಚರ್ಚಿನ ಮುಂದಿದ್ದಾಗ ಬೇಲಿಯ ಇಪ್ಪತ್ತಮೂರು ಇಸೊತೆಗಳನ್ನು ನೆಲಮಟ್ಟಕ್ಕೆ ಕಡಿದು, ಆ ಕಾಂಡಗಳನ್ನೇ ಎರಡು ಮೊಳ ಒಳಕ್ಕೆ, ಅವಳ ಅಂಗಳದಲ್ಲಿ, ಸಾಲಾಗಿ ನೆಟ್ಟುಬಿಟ್ಟ. ಕುಂಡಗಳನ್ನು ಅವಳ ಬಾಗಿಲಲ್ಲಿ ಒಟ್ಟಿ, ಹಳೆಯ ಸಾಲಿನ ಮೇಲೆ ಮಣ್ಣೆಳೆದು, ಗೊಬ್ಬರ ಹರಡಿ ಬೀನ್ಸ್ ಪಾತಿ ಮಾಡಿದ.

ತುಲಾ ಪುರಸಭೆಗೆ ದೂರು ಕೊಟ್ಟಳು. ಅಳತೆಯವನು ಬಂದು ಜಾಗದ ಪತ್ರ ಓದಿದ. ಊರಿನ ಎಲ್ಲ ಪತ್ರಗಳಂತೆ ಅದರಲ್ಲೂ ಗಡಿ ‘ಇಸೊತೆ ಬೇಲಿಯ ತನಕ’ ಎಂದಷ್ಟೇ ಇತ್ತು.

“ಬೇಲಿ ಇಲ್ಲಿದೆಯಲ್ಲ, ನಿನ್ಯಾ ತುಲಾ.”

“ಬೇಲಿಗೂ ಕಾಲು ಬಂದಿದೆ. ಮಳೆ ಹಿಡಿದ ಮೇಲೆ ಇನ್ನೊಂದ್ಸಲ ಬನ್ನಿ.”

ಮಾರನೆಯ ದಿನದಿಂದ ಊರಿಗೊಂದು ಸೋಜಿಗ. ನೀರು ಹಾಕಬೇಡಿ ಎಂದು ಪಟ್ಟಣವನ್ನೆಲ್ಲ ಬೈದವಳು ಬೆಳಿಗ್ಗೆ ಎರಡು, ಸಂಜೆ ಎರಡು ಕೊಡ ನೀರನ್ನು ಬೇಲಿಯಾಚೆ ಎವಾರಿಸ್ತೊ ಕಬಳಿಸಿದ ನೆಲಕ್ಕೆ ಸುರಿಯತೊಡಗಿದಳು.

“ನನ್ನ ಬೀನ್ಸ್ ಪಾತೀಗಾ? ದೇವರು ನಿಮಗೆ ಒಳ್ಳೇದು ಮಾಡ್ಲಿ,” ಎಂದ ಆತ, ಸ್ವಲ್ಪ ಕರಗಿ.

“ಮಾಡ್ತಾನೆ, ದೋನ್ ಎವಾರಿಸ್ತೊ. ಅವನಿಗೂ ಸ್ವಲ್ಪ ಸಮಯ ಬೇಕು.”

ಮೇ ತಿಂಗಳಲ್ಲಿ ಬೀನ್ಸ್ ಜೊತೆ ಬೇರೇನೋ ತಲೆಯೆತ್ತಿತು. ಎವಾರಿಸ್ತೊ ಚಿವುಟಿದ. ಒಂದು ಚಿವುಟಿದಲ್ಲಿ ಮೂರು ಬಂದವು. ಗುದ್ದಲಿ ಹಾಕಿದರೆ ತೊಡೆ ಗಾತ್ರದ ಬೇರು. ಈ ಸಲ ಸೊಂಟ ನಿಜಕ್ಕೂ ಹಿಡಿದುಕೊಂಡಿತು. ಅಳತೆಯವನು ಮತ್ತೆ ಬಂದಾಗ ಬೀನ್ಸ್ ಪಾತಿಯ ನಡುವೆ ಕತ್ತಿಯಂಥ ಎಲೆಗಳ ಇಪ್ಪತ್ತಮೂರು ಗುಂಪುಗಳು ದಾರ ಹಿಡಿದಂತೆ ನೆಟ್ಟಗೆ ನಿಂತಿದ್ದವು.

“ಹಳೇ ಬುಡ ಇಲ್ಲಿದೆ,” ಎಂದ ಅಳತೆಯವನು. “ಬೇಲಿ ಇದೇ.”

“ಹಾಗಾದ್ರೆ ಆ ಕಡೆ ನೆಟ್ಟಿದ್ದೆಲ್ಲ ನನ್ನದು. ನಾನೇ ಬೆವರು ಸುರಿಸಿ ನೆಟ್ಟದ್ದು!” ಎವಾರಿಸ್ತೊ ಎದೆ ಸೆಟೆಸಿದ.

“ನನ್ನ ಅಂಗಳದಲ್ಲಿ ನೆಟ್ಟಿದ್ದು ನೀವೇ ಅಂತ ಸಾಹೇಬ್ರು ಈಗ ಕೇಳಿಸ್ಕೊಂಡ್ರು,” ಎಂದಳು ತುಲಾ.

ಆ ಇಪ್ಪತ್ತಮೂರೂ ಅವಳ ಮಣ್ಣಿನಲ್ಲಿ ಚೆನ್ನಾಗಿ ಬೇರೂರಿದ್ದವು. ಕಿತ್ತು ಕುಂಡಕ್ಕೆ ಹಾಕಿ, ಮರಳಿ ಸಿಕ್ಕ ಪಟ್ಟಿಯಲ್ಲಿ ಸಾಲಾಗಿ ಜೋಡಿಸಿದಳು. ಆಳೆತ್ತರದ ಗಿಡಗಳು, ಒಂದಕ್ಕೆ ಮೂವತ್ತು ಡಾಲರ್. ಎವಾರಿಸ್ತೊ ತನ್ನ ಕಡೆ ಉಳಿದ ಬೀನ್ಸ್‌ಗೆ ನೀರು ಹಾಕುತ್ತ ಒಂದೊಂದು ಕಾರು ಬಂದು ಹೋಗುವುದನ್ನೂ ನೋಡಿದ.

“ಜಾಸ್ತಿ ಹಾಕ್ಬೇಡಿ, ದೋನ್ ಎವಾರಿಸ್ತೊ,” ಎಂದಳು ತುಲಾ ಬೇಲಿಯ ಈಚೆಯಿಂದ. “ಬೇರು ಕೊಳೆಯುತ್ತೆ.”