ಕಾರಿಗೆ ಹಾಕಿದ ಸಾಂಬ್ರಾಣಿ

ನಮ್ಮ ಅಂಗಳದಿಂದ ಯಾರಾದರೂ ಕಾರು ಕೊಂಡು ಹೊರಡುವಾಗ ಅಜ್ಜಿ ಈಗ ಯಾಕೆ ಹೊರಗೆ ಬಂದು ಕೀ ಕೊಡುವುದಿಲ್ಲ ಎಂದು ನೀವು ರಜೆಗೆ ಬಂದಾಗಲೆಲ್ಲ ಕೇಳುತ್ತೀರಿ. ಮೊಣಕಾಲು ನೋವು ಎಂದು ಹೇಳಿ ಸುಮ್ಮನಾಗುತ್ತೇನೆ. ಮೊಣಕಾಲು ನೋಯುವುದು ನಿಜ, ಆದರೆ ಕಾರಣ ಅದಲ್ಲ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗದು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗರುಡಾಚಾರ್‌ಪಾಳ್ಯದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಮುಂದಿನ ಜಾಗ ರಾಗಿ ಒಕ್ಕುವ ಕಣವಾಗಿತ್ತು. ಆಮೇಲೆ ಹೊಲ ಹೋಯಿತು, ಕೆರೆ ಕೆಳಗಿನ ಗದ್ದೆ ಹೋಯಿತು, ಕಣ ಮಾತ್ರ ಉಳಿಯಿತು. ನಿಮ್ಮ ತಾತ ಹೋದ ಮೇಲೆ ನನ್ನ ಅಣ್ಣನ ಮಗ, ನೀವು ಮಾವ ಎಂದು ಕರೆಯುವವನು, ಅದನ್ನು ಬಾಡಿಗೆಗೆ ಹಿಡಿದ. ಮೇಲೆ ತಗಡು ಹಾಕಿಸಿ, ಕೆಳಗೆ ಕಲ್ಲು ಹಾಸಿ, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಂಥವು. ಒಳಗೆ ಕೂರಬೇಕಾದರೆ ಹಸೆಮಣೆಯ ಮೇಲೆ ಕೂತ ಹಾಗೆ ಕೂರಬೇಕು. ಇಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದು ನನಗೆ ಆಶ್ಚರ್ಯ. ಕೊಳ್ಳುವವರು ಬೇಕಾದಷ್ಟು ಜನ ಇದ್ದರು.

ಮೊದಲು ಕೊಂಡ ಹುಡುಗ ಜಗಲಿಯ ಮೇಲೆ ಕೂತಿದ್ದ ನನ್ನನ್ನು ನೋಡಿ, "ಮನೇಲಿ ಹಿರಿಯರು ಇದ್ದಾರಲ್ಲ, ಅವರ ಕೈಯಿಂದಾನೇ ಕೀ ಕೊಡ್ಸಿ" ಎಂದ. ನಾನು ಎದ್ದು ಒಳಗೆ ಹೊರಟೆ. ನಿಮ್ಮ ಮಾವ ಬಾಗಿಲಿಗೆ ಬಂದು ಕರೆದ.

"ನನ್ನ ಕೈಯಿಂದ ಬೇಡ ಕಣಪ್ಪ. ನಿನ್ನ ಹೆಂಡತೀನ ಕರ್ಸು."

"ಅತ್ತೆ, ಅದೆಲ್ಲ ಈಗ ಯಾರು ನೋಡ್ತಾರೆ? ಬನ್ನಿ ಸುಮ್ನೆ."

ಅವನು ಸುಮ್ಮನೆ ಹೇಳಿದ ಮಾತು. ನನಗೆ ಅದು ಎಷ್ಟು ದೊಡ್ಡದಾಯಿತು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ತಾತ ಹೋದಂದಿನಿಂದ ಮದುವೆ ಮನೆಗಳಲ್ಲಿ ನಾನು ಕಂಬದ ಹಿಂದೆ ನಿಲ್ಲುವವಳು. ಆರತಿ ತಟ್ಟೆ ನನ್ನ ಮುಂದಿನಿಂದ ಹಾದು ಬೇರೆಯವರ ಕೈಗೆ ಹೋಗುತ್ತಿತ್ತು. ಅದಕ್ಕೆ ನಾನು ಒಗ್ಗಿಹೋಗಿದ್ದೆ ಎಂದುಕೊಂಡಿದ್ದೆ. ಆವತ್ತು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಅದರ ಮೇಲೆ ಕೀ ಇಟ್ಟು ನಾನೇ ಕೊಟ್ಟೆ. ಫೋಟೋ ತೆಗೆದರು. ಅಂದಿನಿಂದ ಅದೇ ಪದ್ಧತಿಯಾಯಿತು. ನಿಮ್ಮಲ್ಲಿ ದೊಡ್ಡವಳು ಒಂದು ಸಲ ಫೋನಿನಲ್ಲಿ ಓದಿ ಹೇಳಿದಳು, ಯಾರೋ ಐದು ನಕ್ಷತ್ರ ಕೊಟ್ಟು, ಇಲ್ಲಿ ಅಜ್ಜಿಯೊಬ್ಬರು ಕೈಯಾರೆ ಕೀ ಕೊಡುತ್ತಾರೆ, ನಂಬಿಕೆಯ ಜಾಗ ಎಂದು ಬರೆದಿದ್ದರಂತೆ. ಒಳಗೆ ಹೋಗಿ ಸೀರೆ ಸರಿಮಾಡಿಕೊಂಡೆ.

ಕೀ ಕೊಟ್ಟವಳ ಹತ್ತಿರವೇ ದೂರೂ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ನಿಮ್ಮ ಮಾವ ಅಂಗಳಕ್ಕೆ ಬರುವ ಹೊತ್ತಿಗೆ ಬಿಸಿಲೇರಿರುತ್ತಿತ್ತು. ದೂರು ಹೇಳುವವರು ನಾನು ಬಾಗಿಲಿಗೆ ನೀರು ಹಾಕುವ ಹೊತ್ತಿಗೇ ಬರುತ್ತಿದ್ದರು. ಮೇಲೆ ತೆರೆಯುವ ಗಾಡಿ ಕೊಂಡವರೊಬ್ಬರಿಗೆ ಮಳೆ ಬಂದಾಗ ಅದು ಮುಚ್ಚಲಿಲ್ಲವಂತೆ, ಕೊಡೆ ಹಿಡಿದುಕೊಂಡೇ ಮನೆ ಸೇರಿದ್ದರು. ಸಿ.ವಿ. ರಾಮನ್ ನಗರದಿಂದ ಬಂದವನದು ಬೇರೆ ಗೋಳು.

"ಅಜ್ಜಿ, ನಮ್ ರೋಡ್ ತುಂಬ ಹಂಪ್ಸು. ಗಾಡಿ ಹೊಟ್ಟೆ ಉಜ್ತದೆ. ನಾನೇನು ಇಳಿದು ಎತ್ಕೊಂಡ್ ಹೋಗ್ಲಾ?"

"ಹಂಪ್ಸ್ ನಾವು ಹಾಕಿದ್ದಲ್ವಲ್ಲಪ್ಪ."

"ಗಾಡಿ ಕೊಟ್ಟಿದ್ದು ನೀವೇ ಅಲ್ವಾ?"

ಇನ್ನೊಬ್ಬರ ಕಾರು ನಿಮ್ಮ ಮಾವನಿಗೆ ಗೊತ್ತಿದ್ದ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಕೇಳಿದಾಗಲೆಲ್ಲ ಸಾಮಾನು ಜರ್ಮನಿಯಿಂದ ಬರಬೇಕು ಎನ್ನುತ್ತಿದ್ದರಂತೆ. "ಹಡಗಲ್ಲಿ ಬರ್ತಿದ್ಯೋ ಈಜ್ಕೊಂಡ್ ಬರ್ತಿದ್ಯೋ ಕೇಳಿ ಹೇಳಿ ಅಮ್ಮ" ಎಂದು ಹೇಳಿ ಹೋದರು. ನಾನು ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದೆ. ಕುಡಿಯುತ್ತ ಕುಡಿಯುತ್ತ ಸಿಟ್ಟು ಇಳಿಯುತ್ತಿತ್ತು. ಅದು ನನ್ನ ಒಳ್ಳೆಯತನ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಅವರು ಬೈಯಬೇಕಾದವನನ್ನು ಬೈಯದಂತೆ ಮಾಡುವುದೇ ನನ್ನ ಕೆಲಸವಾಗಿತ್ತು.

ಆ ವರ್ಷ ಮಳೆ ಜಾಸ್ತಿ. ಕೆರೆ ಕೋಡಿ ಬಿದ್ದು ಆಚೆಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗಿತು, ನಿಲ್ಲಿಸಿದ್ದ ಕಾರುಗಳೆಲ್ಲ ಮುಳುಗಿದವು ಎಂದು ಊರೆಲ್ಲ ಮಾತು. ಆ ಅಪಾರ್ಟ್‌ಮೆಂಟು ನಿಂತಿರುವುದು ನಾನು ನಾಟಿ ಹಾಕಿದ ಗದ್ದೆಯ ಮೇಲೆ. ನೀರು ತಗ್ಗಿದ ಮೇಲೆ ಒಂದು ನೀಲಿ ಕಾರು ಲಾರಿಯ ಮೇಲೆ ಕೂತು ನಮ್ಮ ಅಂಗಳಕ್ಕೆ ಬಂತು. ಸೀಟು, ಒಳಗೆ ಹಾಸಿದ್ದ ಕಾರ್ಪೆಟ್ಟು ಎಲ್ಲ ಬಿಚ್ಚಿ ನಮ್ಮ ತಾರಸಿಯ ಮೇಲೆ ಒಣಗಲು ಹಾಕಿದರು. ನನ್ನ ಸಂಡಿಗೆಯನ್ನು ಪಕ್ಕಕ್ಕೆ ಸರಿಸಬೇಕಾಯಿತು. ಸರಿಸುವಾಗ ಕಾರ್ಪೆಟ್ಟಿನ ಅಂಚಿನಲ್ಲಿದ್ದ ಮಣ್ಣು ಬೆರಳಿಗೆ ಹತ್ತಿತು. ಉಜ್ಜಿ ನೋಡಿದೆ, ಮೂಸಿ ನೋಡಿದೆ. ಕಪ್ಪಗೆ, ಬೆಣ್ಣೆಯಷ್ಟು ನುಣ್ಣಗೆ. ಅದು ಕೆರೆಯ ಗೋಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಟ್ಟಲೆ ಹೊತ್ತು ಗದ್ದೆಗೆ ಹಾಕುತ್ತಿದ್ದ ಮಣ್ಣು. ಅದರ ವಾಸನೆ ನನಗೆ ಹೇಗೆ ಮರೆಯುತ್ತದೆ?

ನಿಮ್ಮ ಮಾವನನ್ನು ಕೇಳಿದೆ. "ಸ್ವಲ್ಪ ಮಳೆ ನೀರು ಹೋಗಿತ್ತು ಅತ್ತೆ. ಎಲ್ಲ ಬಿಚ್ಚಿ ಕ್ಲೀನ್ ಮಾಡಿದೀವಿ" ಎಂದ. ನಾನು ಮುಂದೆ ಕೇಳಲಿಲ್ಲ.

ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಬಾಟಲಿ ಸೆಂಟು ಹೊಡೆದರೆ ಎರಡೂ ಸೇರಿ ಇನ್ನೂ ಕೆಟ್ಟದಾಗುತ್ತಿತ್ತು. ಕೊಳ್ಳುವವರು ಬರುವ ದಿನ ಬೆಳಗ್ಗೆ ಅವನು ಬಂದು, "ಅತ್ತೆ, ಮನೆಗೆ ಹಾಕ್ತೀರಲ್ಲ, ಹಂಗೇ ಗಾಡಿಗೂ ಒಂದಿಷ್ಟು ಸಾಂಬ್ರಾಣಿ ಹಾಕಿ" ಎಂದ. ನಾನು ಕೆಂಡ ಮಾಡಿ, ಸಾಂಬ್ರಾಣಿ ಉದುರಿಸಿ, ಎರಡೂ ಬಾಗಿಲಿನಿಂದ ಹೊಗೆ ತುಂಬಿಸಿ ಗಾಜು ಏರಿಸಿದೆ. ಬಾಣಂತಿ ಕೋಣೆಗೆ ಹಾಕುವಷ್ಟು ನಿಗಾ ವಹಿಸಿ ಹಾಕಿದೆ. ವಾಸನೆ ಮುಚ್ಚುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಗಾಡಿಗೆ ಒಳ್ಳೆಯದಾಗಲಿ ಎಂದೂ ಬೇಡಿಕೊಂಡೆ.

ಕೊಳ್ಳಲು ಬಂದವರು ಶಿವಾಜಿನಗರದವರು. ಮದುವೆ ಬಟ್ಟೆಗೆ ಜರಿ ಕೆಲಸ ಮಾಡಿಸುವ ಅಂಗಡಿಯವರು. ಮಗನಿಗೆ ನಲವತ್ತರ ಆಸುಪಾಸು, ಇಂಥ ಕಾರಿನ ಆಸೆ ಚಿಕ್ಕಂದಿನಿಂದ ಇತ್ತಂತೆ. ಜೊತೆಗೆ ತಾಯಿಯನ್ನು ಕರೆತಂದಿದ್ದರು, ನನ್ನದೇ ವಯಸ್ಸು. ಆಕೆ ಬಾಗಿಲು ತೆಗೆದು ಮೂಸಿ, ಮುಖ ಅರಳಿಸಿ ನನ್ನ ಕಡೆ ತಿರುಗಿದರು.

"ಲೋಬಾನ್ ಹಾಕಿದೀರಾ ಅಕ್ಕಾ? ನಮ್ಮನೇಲೂ ಹಾಕ್ತೀವಿ."

"ಹೌದು" ಎಂದೆ.

"ಅಮ್ಮೀ, ಇಂಜಿನ್ ನೋಡ್ಬೇಕು, ನೀನು ವಾಸನೆ ನೋಡ್ತೀಯಾ?" ಎಂದು ಮಗ ನಕ್ಕರು.

"ಇಂಜಿನ್ ನೀನು ನೋಡು. ಮನೆಯೋರು ಹೆಂಗೆ ಅಂತ ನಾನು ನೋಡಿದೆ, ಸಾಕು" ಎಂದರು ಆಕೆ. ನಾನು ಕೀ ಕೊಟ್ಟೆ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಬೇಸಿಗೆ ಶುರುವಾದ ಮೇಲೆ ಅವರಿಬ್ಬರೂ ಆಟೋದಲ್ಲಿ ಬಂದರು. ಹಲಸೂರು ಕೆರೆಯ ಹತ್ತಿರ ನಡುಮಧ್ಯಾಹ್ನ ಕಾರು ನಿಂತುಹೋಗಿತ್ತು. ಮಗ ಇಳಿದು ಮುಂದೆ ಹೋಗಿ ನೋಡುವಷ್ಟರಲ್ಲಿ ಬಾಗಿಲು ತಾನೇ ಲಾಕ್ ಆಗಿದೆ. ಒಳಗಿನಿಂದಲೂ ಬಾಗಿಲು ತೆರೆಯಲಿಲ್ಲ, ಗಾಜು ಇಳಿಯಲಿಲ್ಲ, ಕೀ ಕೆಲಸ ಮಾಡಲಿಲ್ಲ. ತಾಯಿ ಒಳಗೆ ಬಿಸಿಲಲ್ಲಿ ಸಿಕ್ಕಿಬಿದ್ದಿದ್ದರು. ಕೊನೆಗೆ ದಾರಿಯವರು ಕಲ್ಲಿನಿಂದ ಗಾಜು ಒಡೆದು ಹೊರಗೆ ಎಳೆದರು. ಇಂದಿರಾನಗರದ ಒಂದು ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ವೈರುಗಳ ತುಂಬ ಒಣಗಿದ ಮಣ್ಣು, ಇದು ನೀರಲ್ಲಿ ಮುಳುಗಿದ ಗಾಡಿ ಎಂದರಂತೆ.

ನಿಮ್ಮ ಮಾವ ಒಪ್ಪಲಿಲ್ಲ. "ನಾನು ಕೊಡ್ವಾಗ ಸರಿಯಾಗಿತ್ತು ಸಾರ್. ನೀವೇ ಎಲ್ಲೋ ನೀರಿಗೆ ಇಳಿಸಿದೀರ" ಎಂದ. ಮಾತಿಗೆ ಮಾತು ಬೆಳೆಯಿತು. ತಾಯಿ ಅವರಿಬ್ಬರನ್ನೂ ಬಿಟ್ಟು ಜಗಲಿಗೆ ಬಂದರು. ಮುಂಗೈಯಲ್ಲಿ ಗಾಜು ಗೀರಿದ ಗಾಯ ಇನ್ನೂ ಮಾಗಿರಲಿಲ್ಲ.

"ಅಕ್ಕಾ, ನೀವು ಹೇಳಿ. ಗಾಡಿ ನಿಮ್ಮನೆ ಮುಂದೇನೇ ಇತ್ತಲ್ಲ. ನೀರು ಮುಂಚೇನೇ ಹೋಗಿತ್ತಾ?"

ನಿಮ್ಮ ಮಾವ ಅವರ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ.

"ನಂಗೆ ಗಾಡಿ ವಿಷಯ ಏನು ಗೊತ್ತಾಗ್ತದಮ್ಮ. ನಾನು ಹಳ್ಳಿಯವಳು" ಎಂದೆ.

ಆಕೆ ನಂಬಿಬಿಟ್ಟರು. ಮಗನ ಕಡೆ ತಿರುಗಿ, "ಬಿಡು ಬೇಟಾ, ಅವ್ರಿಗೆ ಪಾಪ ಏನ್ ಗೊತ್ತು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಹಳ್ಳಿತನವನ್ನು ಜನ ಆಡಿಕೊಂಡಾಗ ನಾನು ಒಳಗೇ ಬೆಂದಿದ್ದೇನೆ. ಆವತ್ತು ಅದನ್ನೇ ಮುಂದೆ ಹಿಡಿದು ಅದರ ಹಿಂದೆ ಅವಿತುಕೊಂಡೆ.

ಮರುದಿನ ಬೆಳಗ್ಗೆ ನಿಮ್ಮ ಮಾವ ಬರುವುದನ್ನೇ ಕಾದಿದ್ದು ಅಂಗಳಕ್ಕೆ ಹೋದೆ.

"ಆ ಗಾಡಿ ವಾಪಸ್ ತಗೋ."

"ಏನತ್ತೆ ನೀವು? ಒಬ್ರದ್ದು ತಗೊಂಡ್ರೆ ಎಲ್ರೂ ತಂದು ನಿಲ್ಲಿಸ್ತಾರೆ."

"ಆಯಮ್ಮ ಒಳಗೇ ಸತ್ತೋಗಿದ್ರೆ?"

"ಸಾಯ್ಲಿಲ್ವಲ್ಲ. ಮತ್ತೆ ಕೀ ಕೊಡ್ವಾಗ ಫೋಟೋಕ್ಕೆ ಚೆನ್ನಾಗೇ ನಗ್ತಿದ್ರಲ್ಲ ಅತ್ತೆ, ಆಗ ಎಲ್ಲಿ ಹೋಗಿತ್ತು ಇದೆಲ್ಲ?"

"ನಕ್ಕಿದ್ದು ನಾನೇ. ಅದಕ್ಕೇ ಕೇಳ್ತಿರೋದು. ನೀನು ತಗೊಳ್ದೇ ಇದ್ರೆ ನಾನು ಶಿವಾಜಿನಗರಕ್ಕೆ ಹೋಗಿ, ಅದು ಕೆರೆ ಮಣ್ಣು, ನಾನೇ ಕಣ್ಣಾರೆ ನೋಡಿದೀನಿ ಅಂತ ಹೇಳ್ತೀನಿ."

ನನ್ನ ಜನ್ಮದಲ್ಲಿ ತವರಿನವರ ಜೊತೆ ಹಾಗೆ ಮಾತಾಡಿದ್ದು ಅದೊಂದೇ ಸಲ. ಅವನು ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟ. ಆದರೆ ಗಾಡಿಯನ್ನು ವಾಪಸ್ ತೆಗೆದುಕೊಂಡ. ಅವರು ಕೊಟ್ಟಿದ್ದ ದುಡ್ಡನ್ನೂ ಹಿಂದಿರುಗಿಸಿದ.

ಆ ತಾಯಿ ಖರ್ಜೂರದ ಡಬ್ಬಿ ಹಿಡಿದುಕೊಂಡು ನನ್ನನ್ನು ನೋಡಲು ಬಂದರು. "ನೀವು ಹೇಳಿದ್ದಕ್ಕೇ ಕೊಟ್ಟರಂತೆ ಅಕ್ಕಾ. ಅಲ್ಲಾ ನಿಮಗೆ ಒಳ್ಳೇದು ಮಾಡ್ಲಿ" ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಮೊದಲೇ ಗೊತ್ತಿತ್ತು ಎಂದು ಆಗಲಾದರೂ ಹೇಳಬಹುದಿತ್ತು. ಬಾಯಿಯ ತನಕ ಬಂತು. "ಕಾಫಿ ಕುಡೀರಿ" ಎಂದೆ. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ.

ನೀಲಿ ಕಾರು ಕೆಲವು ದಿನ ಹೊದಿಕೆ ಹೊದ್ದು ಮೂಲೆಯಲ್ಲಿತ್ತು. ಅದು ಅಲ್ಲಿರುವ ತನಕ ನನಗೆ ಒಂದು ಥರ ನೆಮ್ಮದಿ. ಒಂದು ಸಂಜೆ ನಾನು ಮದುವೆಯೊಂದರಿಂದ ವಾಪಸ್ ಬಂದಾಗ ಮೂಲೆ ಖಾಲಿಯಾಗಿತ್ತು.

"ಎಲ್ಲಿ ಅದು?"

"ಹೋಯ್ತು ಅತ್ತೆ. ಹೊರಗಿನ ಪಾರ್ಟಿ. ಇಲ್ಲಿಗೆ ಬರೋರಲ್ಲ, ನಿಮಗೇನೂ ತೊಂದರೆ ಇಲ್ಲ."

"ಅವರಿಗೆ ಹೇಳಿದ್ಯಾ?"

ಅವನು ನಕ್ಕು ಫೋನ್ ನೋಡಿಕೊಂಡ. ನಾನು ಮನೆಯೊಳಗೆ ಬಂದೆ. ಆವತ್ತೇ ಹಿಡಿದು ಕೇಳಿದ್ದರೆ ವಿಳಾಸ ಸಿಗುತ್ತಿತ್ತು. ಮತ್ತೆ ಜಗಳವಾಗುತ್ತದೆ, ತವರು ಪೂರಾ ಮುರಿಯುತ್ತದೆ ಎಂದು ಹೆದರಿ ಸುಮ್ಮನಾದೆ. ಗುರುತಿನವರೊಬ್ಬರು ಬಚಾವಾದರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ಗಾಡಿ ಹೊರಡುವ ದಿನ ಅವನು ಕರೆದಾಗ ಮೊಣಕಾಲು ನೋವು ಎಂದೆ. ಎಷ್ಟೋ ಕಾಲದ ಮೇಲೆ ಧೈರ್ಯ ಮಾಡಿ ನೀಲಿ ಕಾರನ್ನು ಯಾರಿಗೆ ಕೊಟ್ಟೆ ಎಂದು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. "ನಾನು ಕೊಟ್ಟೋನು ಇನ್ಯಾರಿಗೋ ಕೊಟ್ಬಿಟ್ಟಿದ್ದಾನೆ ಅತ್ತೆ. ಈಗ ಯಾರತ್ರ ಇದ್ಯೋ ನಂಗೂ ಗೊತ್ತಿಲ್ಲ" ಎಂದ.