ಮೀಟರ್ ಚಿಕ್ಕಮ್ಮ ನೋಡಿದ ಮನೆ

ನಮ್ಮ ಚಿಕ್ಕಮ್ಮ ಯಾರ ಮನೆಗೆ ಹೋದರೂ ಮೊದಲು ಮೀಟರ್ ನೋಡುತ್ತಾಳೆ, ಆಮೇಲೆ ಮನೆಯವರ ಮುಖ. ಮೂವತ್ತೊಂದು ವರ್ಷ ಮೀಟರ್ ರೀಡರ್ ಆಗಿ ಬೀದಿ ಬೀದಿ ಸುತ್ತಿದವಳು. ಕೆಲಸ ಬಿಟ್ಟಳೇ ಹೊರತು ಚಾಳಿ ಬಿಡಲಿಲ್ಲ. ನನ್ನ ಮದುವೆಯಾದ ಹೊಸದರಲ್ಲಿ ನಮ್ಮಲ್ಲಿಗೆ ಬಂದವಳು, ಕೊಟ್ಟ ನೀರು ಕುಡಿಯುವ ಮುಂಚೆಯೇ, "ಇರೋದು ಇಬ್ಬರು, ಇಷ್ಟು ಯೂನಿಟ್ ಹೇಗೆ ಓಡತ್ತೆ?" ಎಂದು ನನ್ನ ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಅವರು ಇವತ್ತಿಗೂ ಅವಳೆದುರು ಗೀಸರ್ ಹಾಕುವುದಿಲ್ಲ.

ಈಗ ಅವಳು ಒಂದು ಖಾಸಗಿ ಪತ್ತೇದಾರಿ ಕಚೇರಿಯಲ್ಲಿದ್ದಾಳೆ. ಪತ್ತೇದಾರಿ ಎಂದ ಕೂಡಲೇ ಕೋಟು, ಟೋಪಿ ಎಂದುಕೊಳ್ಳಬೇಡಿ. ಕನ್ನಡಕದ ಅಂಗಡಿಯ ಮೇಲೆ ಎರಡು ಕೋಣೆ, ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ ಒಂದು ಮೇಜು, ಅಷ್ಟೆ. ನಡೆಸುವವರು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದು ನಿವೃತ್ತರಾದವರು. ಎಲ್ಲರ ಬಾಯಲ್ಲೂ ರೈಟರ್ ಸಾಹೇಬರು. ಅವರ ಹತ್ತಿರ ಬರುವ ಅರ್ಧಕ್ಕರ್ಧ ಕೇಸು ಬಾಡಿಗೆ ಮನೆಯವು. ಫೋಟೋ ನೋಡಿಯೇ ಅಡ್ವಾನ್ಸ್ ಕಳಿಸಿ ಕೈಸುಟ್ಟುಕೊಂಡವರು, ಒಂದೇ ಮನೆಯ ಕೀಲಿ ಹಿಡಿದು ಒಂದೇ ದಿನ ಸಾಮಾನು ತಂದ ನಾಲ್ಕು ಸಂಸಾರದವರು. ಕಾಗದಪತ್ರ ಸಾಹೇಬರು ನೋಡುತ್ತಾರೆ, ಮನೆ ಚಿಕ್ಕಮ್ಮ ನೋಡುತ್ತಾಳೆ. "ಹೇಳಿ ಒಂದ್ಸಲ ಹೋಗು, ಹೇಳದೆ ಒಂದ್ಸಲ ಹೋಗು. ಮನೆಯವನು ತೋರಿಸಿದ ನೆರೆಯವರನ್ನ ಬಿಡು, ತೋರಿಸದೇ ಇರೋರನ್ನ ಮಾತಾಡಿಸು. ಅವಸರ ಮಾಡೋನಿಗೆ ಒಂದು ಬಿಡಿಗಾಸೂ ಬಿಚ್ಚಬೇಡ." ಇದು ಅವಳ ಪಾಠ.

ಇನ್ನೊಂದು ಅಭ್ಯಾಸವಿತ್ತು, ಅದಕ್ಕೆ ನಾವೆಲ್ಲ ನಗುತ್ತಿದ್ದೆವು. ಮುಚ್ಚಿದ ಬಾಗಿಲು ಕಂಡರೆ ತಟ್ಟುತ್ತಿದ್ದಳು. ಹೊರಗಡೆ ಬೀಗ ನೇತಾಡುತ್ತಿದ್ದರೂ ಸರಿ, ತಟ್ಟದೆ ಮುಂದೆ ಹೋಗುತ್ತಿರಲಿಲ್ಲ.

ನಮ್ಮ ಜೊತೆಗೇ ಇದ್ದ ಅಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನನಗೆ ಭೂಮಿ ಬಾಯಿಬಿಟ್ಟಂತಾಯಿತು. ಆಪರೇಷನ್ ಆಯಿತು. ಇನ್ನು ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಬಿಡಲು ಎಂಟು ದಿನವಿತ್ತು, ಅಷ್ಟರಲ್ಲಿ ನೆಲಮಹಡಿಯ ಮನೆ ಬೇಕಿತ್ತು. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು, ಊಟದ ಬಿಡುವಿನಲ್ಲಿ ಮನೆ ಹುಡುಕಿದೆ. ಆರು ದಿನ ಹೋಯಿತು, ಸಿಗಲಿಲ್ಲ. ಏಳನೆಯ ದಿನ ಫೋನಿನ ಜಾಹೀರಾತಿನಲ್ಲಿ ಆ ಮನೆ ಕಂಡಿತು.

ಓಣಿಯ ಕೊನೆಯ ಮನೆ. ಗೇಟಿನಿಂದ ಒಳಕೋಣೆಯವರೆಗೆ ಒಂದೇ ಒಂದು ಮೆಟ್ಟಿಲಿಲ್ಲ. ತೋರಿಸಿದವನು ಮಾಲೀಕರ ಅಳಿಯನಂತೆ. ಮನೆ ನಾಲ್ಕು ತಿಂಗಳಿಂದ ಖಾಲಿಯಂತೆ. ಬಾಗಿಲು ತೆರೆದಾಗ ಫಿನಾಯಿಲಿನ ಘಾಟು ಮೂಗಿಗೆ ಅಡರಿತು. ಅಮ್ಮನ ವಿಷಯ ಹೇಳಿದ್ದೇ ತಡ, ಜೇಬಿನಿಂದ ಟೇಪು ತೆಗೆದು ಮಂಚ ಹಾಕುವ ಜಾಗವನ್ನು ಅವನೇ ಅಳೆದ.

"ನಮ್ಮತ್ತೆಗೂ ಸೊಂಟವೇ ಮುರಿದಿದ್ದು. ನಾನೇ ನೋಡ್ಕೊಂಡೆ. ಎತ್ತೋದು, ಕೂರಿಸೋದು ಎಲ್ಲ ಗೊತ್ತು ನಂಗೆ."

"ಈಗ ಹೇಗಿದಾರೆ?"

"ಈಗ ಅವರದ್ದೇನೂ ತೊಂದರೆ ಇಲ್ಲ ಬಿಡಿ," ಎಂದು ನಕ್ಕ. ಹಿಂದಿನ ಕೋಣೆಗೆ ಬೀಗ ಹಾಕಿತ್ತು. ಅತ್ತೆಯ ಹಳೆಯ ಸಾಮಾನು, ಮುಂದಿನ ತಿಂಗಳು ಸಾಗಿಸುತ್ತೇನೆ ಎಂದ. ಇನ್ನೊಂದು ಪಾರ್ಟಿ ಕಾಯುತ್ತಿದೆ, ನಾಳೆ ಸಂಜೆಯೊಳಗೆ ಅಡ್ವಾನ್ಸ್ ಕೊಟ್ಟರೆ ಮನೆ ನಿಮ್ಮದು ಎಂದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಅಮ್ಮ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಆ ದಿನ ಅದು ನೆನಪಾಗಲಿಲ್ಲ, ಅಥವಾ ನೆನಪಾಗಲು ನಾನು ಬಿಡಲಿಲ್ಲ.

ಚಿಕ್ಕಮ್ಮನಿಗೆ ಹೇಳುವ ಮನಸ್ಸೇ ನನಗಿರಲಿಲ್ಲ. ಗಂಡ ಹಟ ಹಿಡಿದರು, ಹೇಳಿದೆ. ಮರುದಿನ ಮಟಮಟ ಮಧ್ಯಾಹ್ನ ಅವಳು ನನ್ನ ಜೊತೆ ಬಂದಳು. ರೈಟರ್ ಸಾಹೇಬರು ನಮ್ಮೊಡನೆ ಒಳಗೆ ಬರದೆ, ಓಣಿಯ ಬಾಯಲ್ಲಿದ್ದ ಇಸ್ತ್ರಿ ಅಂಗಡಿಯ ಮುದುಕನ ಹತ್ತಿರ ನಿಂತರು.

ಅಳಿಯ ಇಬ್ಬರಿಗೂ ಕುರ್ಚಿ ತಂದು ಹಾಕಿದ. ಚಿಕ್ಕಮ್ಮ ಕೂರಲಿಲ್ಲ. ಕೋಣೆ ಕೋಣೆಗೂ ಹೋಗಿ ಸ್ವಿಚ್ಚುಗಳೆಲ್ಲ ಆರಿವೆಯೇ ಎಂದು ನೋಡಿದಳು, ಬೀಗ ಹಾಕಿದ ಬಾಗಿಲನ್ನೂ ಬಿಡದೆ ತಟ್ಟಿದಳು. ಒಳಗಿನಿಂದ ಯಾರೂ ಓಗೊಡಲಿಲ್ಲ. ಆಮೇಲೆ ಹೊರಬಾಗಿಲ ಪಕ್ಕದ ಮೀಟರಿನ ಮುಂದೆ ಕೈಗಡಿಯಾರ ಹಿಡಿದು ನಿಂತುಬಿಟ್ಟಳು. ಸಣ್ಣ ಕೆಂಪು ದೀಪವೊಂದು ಮಿಣುಕಿ ಆರುತ್ತಿತ್ತು. ಅವಳು ಕದಲದೆ ನಿಂತಷ್ಟೂ ನನಗೆ ಸಿಟ್ಟು ಏರುತ್ತಿತ್ತು. ಎಂಟು ದಿನದಲ್ಲಿ ಉಳಿದದ್ದು ಒಂದೇ ದಿನ, ಇವಳದ್ದೊಂದು ತಪಸ್ಸು.

"ಮನೆ ಖಾಲಿ ಅಂದ್ರಿ. ಇದು ಓಡ್ತಿದೆಯಲ್ಲ."

"ಒಳಗೆ ಹಳೇ ಫ್ರಿಜ್ ಇದೆ ಅಮ್ಮಾ, ಸಾಮಾನಿನ ಜೊತೆ."

"ಫ್ರಿಜ್ ಇಷ್ಟು ನಿಧಾನಕ್ಕೆ ತಿನ್ನಲ್ಲ. ಹದಿನೈದು ಸೆಕೆಂಡಿಗೆ ಒಂದು ಸಲ ಮಿಣುಕ್ತಿದೆ. ಇದು ಫ್ಯಾನು. ಅದೂ ಒಂದೇ ಫ್ಯಾನು, ಲೈಟ್ ಕೂಡ ಇಲ್ಲ." ಅವಳ ದನಿ ಏರಲಿಲ್ಲ. "ಸಾಮಾನಿಗೆ ಸೆಖೆ ಆಗಲ್ಲವಲ್ಲಪ್ಪಾ."

"ಬಿಡು ಚಿಕ್ಕಮ್ಮ, ಆರಿಸೋದು ಮರೆತಿರ್ತಾರೆ," ಎಂದೆ ನಾನು. ನನ್ನ ಬಾಯಿಂದಲೇ ಬಂದ ಮಾತು ಅದು.

ಅವನು ಬಾಗಿಲಿಗೂ ಗೇಟಿಗೂ ನಡುವೆ ಬಂದು ನಿಂತ. ನಗು ಮಾತ್ರ ಹಾಗೇ ಇತ್ತು. ಚಿಕ್ಕಮ್ಮ ಕೈ ಎತ್ತಿ ಮೇನ್ ಸ್ವಿಚ್ ಇಳಿಸಿದಳು. ಒಳಗಿನಿಂದ ಬರುತ್ತಿದ್ದ ಗುಂಯ್ ಎನ್ನುವ ಸದ್ದು ನಿಧಾನವಾಗಿ ಕುಗ್ಗಿ ನಿಂತಿತು. ಸದ್ದು ನಿಂತಾಗಲೇ ಇಷ್ಟು ಹೊತ್ತೂ ಅದು ಇತ್ತೆಂಬುದು ಗೊತ್ತಾಗುವುದು. ಆಮೇಲೆ ಬೀಗ ಹಾಕಿದ ಬಾಗಿಲಿನ ಹಿಂದಿನಿಂದ ಒಂದು ಮುದಿ ದನಿ ಬಂತು, ತುಂಬ ಸಾಧಾರಣವಾಗಿ.

"ಕರೆಂಟ್ ಹೋಯ್ತೇನಪ್ಪಾ?"

ಅವನು ಕೈ ಚಾಚಿ ಸ್ವಿಚ್ ಮೇಲೆತ್ತಿದ. ಫ್ಯಾನು ಮತ್ತೆ ತಿರುಗತೊಡಗಿತು.

"ಅತ್ತೆಗೆ ತಲೆ ಸರಿ ಇಲ್ಲ," ಎಂದ. "ನಾಳೆ ಬೇರೆ ಕಡೆ ಕಳಿಸ್ತೀನಿ. ನಿಮಗೇನೂ ತೊಂದರೆ ಇರಲ್ಲ."

ಚಿಕ್ಕಮ್ಮ ಬಾಗಿಲ ಕಡೆ ನೋಡಿದಳು, ಅವನ ಕಡೆ ನೋಡಿದಳು, ಗೇಟಿನ ಕಡೆ ನೋಡಿದಳು. ಆಮೇಲೆ ಅವಳೂ ನಕ್ಕಳು. "ವಯಸ್ಸಾದ್ಮೇಲೆ ಎಲ್ಲರ ಮನೇಲೂ ಇರೋದೇ ಬಿಡಿ. ಮನೆ ಚೆನ್ನಾಗಿದೆ. ದುಡ್ಡು ನಮ್ಮೆಜಮಾನರ ಹತ್ತಿರ ಇದೆ, ಅಲ್ಲೇ ಓಣಿ ಬಾಯಲ್ಲಿ ನಿಂತಿದಾರೆ. ಕರ್ಕೊಂಡು ಬರ್ತೀವಿ." ಅವಳ ಗಂಡ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಅಳಿಯ ಒಂದು ಕ್ಷಣ ಹಾಗೇ ನಿಂತಿದ್ದು, ಪಕ್ಕಕ್ಕೆ ಸರಿದ. ಓಣಿಯುದ್ದಕ್ಕೂ ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು; ಆ ಗುರುತು ಎರಡು ದಿನ ಹೋಗಲಿಲ್ಲ.

ಇಸ್ತ್ರಿ ಮುದುಕ ಅಷ್ಟರಲ್ಲಿ ಸಾಹೇಬರಿಗೆ ಎಲ್ಲ ಹೇಳಿದ್ದ. ಅದು ಒಂಟಿ ಮುದುಕಿಯೊಬ್ಬರ ಸ್ವಂತ ಮನೆ. ಅವರಿಗೆ ಮಗಳೇ ಇರಲಿಲ್ಲ; ಇನ್ನು ಅಳಿಯ ಎಲ್ಲಿಂದ ಬರಬೇಕು? ಇವನು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಬಂದ ಆಳು. ಅಜ್ಜಿಯನ್ನು ನೆಂಟರ ಮನೆಗೆ ಬಿಟ್ಟು ಬಂದೆ ಎಂದು ಬೀದಿಗೆಲ್ಲ ಹೇಳಿದ್ದ. ಆಮೇಲೆ ವಾರಕ್ಕೊಬ್ಬರು ಮನೆ ನೋಡಿ, ದುಡ್ಡು ಕೊಟ್ಟು ಹೋಗಿದ್ದರು. ಸಾಹೇಬರು ತಮ್ಮ ಹಳೆಯ ಠಾಣೆಗೆ ಫೋನ್ ಮಾಡಿದರು. ಪೊಲೀಸರು ಬರುವ ಹೊತ್ತಿಗೆ ಅವನು ಹಿಂದಿನ ಗೋಡೆ ಹಾರಿ ಹೋಗಿದ್ದ. ಬೀಗ ಒಡೆಯಬೇಕಾಯಿತು.

ಆ ಅಜ್ಜಿಯನ್ನು ಅಮ್ಮ ಇದ್ದ ಆಸ್ಪತ್ರೆಗೇ ತಂದರು, ಅಮ್ಮನ ಕೆಳಗಿನ ವಾರ್ಡಿಗೆ. ಬೆನ್ನಿನ ತುಂಬ ಹಾಸಿಗೆ ಹುಣ್ಣು. ಇನ್ನೆರಡು ವಾರ ಹೀಗೇ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದಳು ನರ್ಸು. ಅಮ್ಮನನ್ನು ಮರುದಿನ ನಾಲ್ಕು ಜನ ಕುರ್ಚಿಯಲ್ಲಿ ಹೊತ್ತು ಮೂರು ಮಹಡಿ ಹತ್ತಿಸಿದರು. ಆ ಮನೆ ಯಾಕೆ ಬಿಟ್ಟಿರಿ ಎಂದು ಅಮ್ಮ ಕೇಳಿದಳು. ಗಾಳಿ ಬೆಳಕು ಇರಲಿಲ್ಲ ಎಂದೆ.

ಅಮ್ಮನನ್ನು ಬಿಡುವ ಮುಂಚೆ ನಾನೂ ಚಿಕ್ಕಮ್ಮನೂ ಆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಬೀಗ ಹಾಕಿದ ಬಾಗಿಲನ್ನು ಯಾಕೆ ತಟ್ಟುತ್ತಾಳೆಂದು ಅವತ್ತು ಹೇಳಿದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಗೇಟಿಗೆ ಬೀಗವಿರುತ್ತಿತ್ತು. ಇವಳು ಹೊರಗಿನಿಂದಲೇ ಪುಸ್ತಕದಲ್ಲಿ 'ಬಾಗಿಲು ಹಾಕಿದೆ' ಎಂದು ಬರೆದು ಮುಂದೆ ಹೋಗುತ್ತಿದ್ದಳು. ಮೂರು ತಿಂಗಳು ಹಾಗೇ ಬರೆದಳು. ನಾಲ್ಕನೆಯ ತಿಂಗಳು ಒಳಗಿನಿಂದ ಒಬ್ಬ ಮುದುಕನ ಹೆಣ ತೆಗೆದರು.

"ಒಳಗೆ ದೀಪ ಉರಿಯೋದು ಕಂಡಿತ್ತು ನಂಗೆ," ಎಂದಳು. "ಬಿಸಿಲಿತ್ತು, ಇನ್ನೂ ನೂರು ಮನೆ ಇತ್ತು."

ಆಮೇಲೆ ಅವಳು ನನ್ನ ಕಡೆ ತಿರುಗದೆ ಕೇಳಿದಳು: "ಮೊದಲ ದಿನ ಒಬ್ಬಳೇ ಹೋಗಿದ್ಯಲ್ಲ. ಏನೂ ಕೇಳಿಸಲಿಲ್ವಾ?"

ಫ್ಯಾನಿನ ಸದ್ದು ಕೇಳಿಸಿತ್ತು. ಫಿನಾಯಿಲಿನ ಘಾಟಿನ ಅಡಿಯಲ್ಲಿ ಹಾಸಿಗೆ ಹುಣ್ಣಿನ ಮುಲಾಮಿನ ವಾಸನೆಯೂ ಇತ್ತು. ಅದನ್ನು ನಾನು ದಿನಾ ಮಾರುತ್ತೇನೆ, ಕಣ್ಣು ಕಟ್ಟಿದರೂ ಗುರುತಿಸುತ್ತೇನೆ. ಆದರೆ ಗೇಟಿನಿಂದ ಒಳಕೋಣೆಯವರೆಗೆ ಒಂದೇ ಒಂದು ಮೆಟ್ಟಿಲಿರಲಿಲ್ಲ.

"ಇಲ್ಲ," ಎಂದೆ.

ಚಿಕ್ಕಮ್ಮ ನನ್ನ ಮಣಿಕಟ್ಟಿನ ಕೆಂಪು ಗುರುತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

"ನಾನು ಮೂರು ಸಲ ಬರೆದೆ," ಎಂದಳು. "ನೀನು ಒಂದೇ ಸಲ."